ಚಿಕ್ಕಬಳ್ಳಾಪುರದ ಬೆಟ್ಟದಡಿಯ ಜಾಡುಗಳಲ್ಲಿ ಎಂಟಿಬಿ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಂದಿ ಬೆಟ್ಟದ ಡಾಂಬರು ರಸ್ತೆಯನ್ನು ಹತ್ತುವ ಸೈಕಲ್ ಸವಾರರನ್ನು ಚಿಕ್ಕಬಳ್ಳಾಪುರದವರು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದಾರೆ. ಅದೇ ಬೆಟ್ಟದ ಬುಡದಲ್ಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದು, ಬಂಡಿ ಜಾಡಿನಲ್ಲಿ, ಕೆರೆ ಏರಿಯ ಮೇಲೆ, ನೀಲಗಿರಿ ತೋಪುಗಳ ನಡುವೆ ಮೌಂಟನ್ ಬೈಕ್ (ಎಂಟಿಬಿ, ಒರಟು ನೆಲಕ್ಕೆಂದೇ ಮಾಡಿದ ಸೈಕಲ್) ಓಡಿಸುವುದು ಬೇರೆಯದೇ ಅಭ್ಯಾಸ. ಅದಕ್ಕೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಈ ನೆಲದ ಮಣ್ಣು, ಮಳೆ, ಬೆಳೆಗಳನ್ನು ಮುಂದಿಟ್ಟುಕೊಂಡು ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇಲ್ಲಿ ಎಂಟಿಬಿ ಓಡಿಸಲು ಎಂಥ ಜಾಡುಗಳಿವೆ?

ಸೈಕಲ್ಲಿಗೆಂದೇ ಕಡಿದು ಮಾಡಿದ ಜಾಡುಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ನಾವು ಓಡಿಸುವುದು ದನ ಕುರಿಗಳು ಮೇವಿಗೆ ಹೋಗುವ ದಾರಿಯಲ್ಲಿ, ಎತ್ತಿನ ಗಾಡಿಗಳೂ ಈಗ ಟ್ರ್ಯಾಕ್ಟರುಗಳೂ ಓಡಾಡುವ ಬಂಡಿ ಜಾಡಿನಲ್ಲಿ, ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಜನ ತಲೆಮಾರುಗಳಿಂದ ನಡೆದು ಸವೆಸಿದ ಕಾಲುದಾರಿಯಲ್ಲಿ. ಚಿಕ್ಕಬಳ್ಳಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಈ ಎರಡರ ನಡುವಿನ ಇಳಿಜಾರುಗಳಲ್ಲಿ, ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಮೊದಲಾದ ಬೆಟ್ಟಗಳ ಸಾಲಿನ ಕೆಳಗೆ, ಮುದ್ದೇನಹಳ್ಳಿ, ಕಳವಾರ, ಸುಲ್ತಾನಪೇಟೆ, ಕುಡುವತಿಯ ಆಸುಪಾಸಿನ ಹೊಲಗಳ ಅಂಚಿನಲ್ಲಿ ನಮ್ಮ ಸವಾರಿಯ ಬಹುಭಾಗ ನಡೆಯುತ್ತದೆ.

ನೆಲದ ಗುಣವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಲ್ಲಿ ಮುಖ್ಯವಾಗಿ ಮೂರು ಬಗೆಯ ನೆಲ ಸಿಗುತ್ತದೆ. ಹೊಲಗಳ ಕಡೆ ಕೆಮ್ಮಣ್ಣು, ಬೆಟ್ಟದ ಬುಡಕ್ಕೆ ಬಂದಂತೆ ಬಂಡೆ ಕರಗಿ ಉದುರಿದ ಗರಸು, ಕೆರೆಯ ಅಂಗಳದಲ್ಲಿ ಗೋಡು ಮಣ್ಣು. ಈ ಮೂರೂ ಮಳೆಗೆ ಮೂರು ರೀತಿಯಲ್ಲಿ ವರ್ತಿಸುತ್ತವೆ, ಬಿಸಿಲಿಗೂ ಅಷ್ಟೇ. ಇವುಗಳ ಜೊತೆಗೆ ಅಲ್ಲಲ್ಲಿ ಹಾಸುಬಂಡೆ ಬರುತ್ತದೆ, ಅದು ಒಣಗಿದ್ದಾಗ ಟೈರಿಗೆ ಸಿಗುವಷ್ಟು ಒಳ್ಳೆಯ ಹಿಡಿತ ಈ ಸೀಮೆಯಲ್ಲಿ ಬೇರೆಲ್ಲೂ ಸಿಗದು.

ವರ್ಷದಲ್ಲಿ ಯಾವ ತಿಂಗಳು ಸವಾರಿಗೆ ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ತಿಂಗಳನ್ನು ಹೇಳುವುದಕ್ಕಿಂತ ಹದವನ್ನು ನೋಡಿ ಎನ್ನುವುದೇ ನನ್ನ ಉತ್ತರ. ಉಳುವವರು ‘ಹದ’ ಎನ್ನುವ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತಾರೋ ಅದೇ ಅರ್ಥದಲ್ಲಿ ಅದು ನಮಗೂ ಬೇಕು. ಮಳೆ ಬಿದ್ದು, ಹೆಚ್ಚಿನ ನೀರು ಇಂಗಿ, ನೆಲ ಕಾಲಿಗೆ ಅಂಟದೆಯೂ ಧೂಳಾಗಿ ಏಳದೆಯೂ ಇರುವ ಸ್ಥಿತಿ ಅದು. ನೇಗಿಲಿಗೆ ಹದವಾದ ನೆಲ ಟೈರಿಗೂ ಹದವಾಗಿರುತ್ತದೆ.

ಪರೀಕ್ಷೆ ಸುಲಭ. ಜಾಡಿನ ಪಕ್ಕದಲ್ಲಿ ಎರಡು ಬೆರಳಿನಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಅಂಗೈಗೆ ಮೆತ್ತಿಕೊಂಡು ಬೆರಳ ಸಂದಿನಿಂದ ಹೊರಬಂದರೆ ನೆಲ ಇನ್ನೂ ಹಸಿ. ಉಂಡೆಯೇ ಆಗದೆ ಬೆರಳ ನಡುವಿನಿಂದ ಸೋರಿ ಹೋದರೆ ಹದ ಮೀರಿ ಒಣಗಿದೆ. ಉಂಡೆಯಾಗಿ ನಿಂತು, ಸೊಂಟದ ಎತ್ತರದಿಂದ ಕೈಬಿಟ್ಟಾಗ ಬಿದ್ದ ಜಾಗದಲ್ಲಿ ಪುಡಿಯಾದರೆ ಅದೇ ಹದ, ಆ ದಿನ ಎಷ್ಟು ಹೊತ್ತು ಬೇಕಾದರೂ ಓಡಿಸಿ.

ಈ ಪಾಠವನ್ನು ನಾನು ಕಲಿತದ್ದು ಒಂದು ಅಕ್ಟೋಬರಿನಲ್ಲಿ. ರಾತ್ರಿ ಚೆನ್ನಾಗಿ ಮಳೆ ಸುರಿದಿತ್ತು, ಬೆಳಿಗ್ಗೆ ಬಿಸಿಲು ಬಂದದ್ದನ್ನು ನೋಡಿ ನಾನು ಒಂದು ಸಣ್ಣ ಕೆರೆಯ ಅಂಗಳಕ್ಕೆ ಸೈಕಲ್ ಇಳಿಸಿದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಗೋಡು ಮೆತ್ತಗಿತ್ತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಟೈರು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಒಳಗು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಎಲ್ಲವೂ ಮಣ್ಣಿನಿಂದ ತುಂಬಿ ಚಕ್ರ ತಿರುಗುವುದೇ ನಿಂತಿತು. ನಾನು ಬಲವಾಗಿ ಪೆಡಲ್ ತುಳಿದೆ, ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಟಕ್ಕೆಂದು ಮುರಿಯಿತು. ಏರಿಯ ಮೇಲೆ ಹಸು ಹಿಡಿದುಕೊಂಡು ನಿಂತಿದ್ದ ಅಜ್ಜ ಕೇಳಿದ್ದು ಒಂದೇ ಮಾತು: “ನೆಲ ಇನ್ನೂ ಹದಕ್ಕೆ ಬಂದಿಲ್ಲ ಕಣಪ್ಪ, ಇಷ್ಟು ಬೇಗ ಯಾಕೆ ಇಳಿದೆ?” ಅಂದಿನಿಂದ ಮಳೆಯಾದ ಮೇಲೆ ಕೆಮ್ಮಣ್ಣಿನ ಜಾಡಿಗೆ ಒಂದು ದಿನ, ಗರಸಿಗೆ ಕೆಲವೇ ಗಂಟೆ, ಗೋಡು ಮಣ್ಣಿಗೆ ಒಂದು ವಾರ ಎಂಬ ಲೆಕ್ಕ ಇಟ್ಟುಕೊಂಡಿದ್ದೇನೆ. ಲೆಕ್ಕ ಏನೇ ಇದ್ದರೂ ಮುಷ್ಟಿಯ ಪರೀಕ್ಷೆಯೇ ಕೊನೆಯ ಮಾತು.

ತಿಂಗಳಿನ ಹೆಸರೇ ಬೇಕೆನ್ನುವವರಿಗೆ ಹೇಳುವುದಾದರೆ, ಹದ ಹೆಚ್ಚು ದಿನ ನಿಲ್ಲುವುದು ನವೆಂಬರ್ ಕೊನೆಯಿಂದ ಜನವರಿಯವರೆಗೆ, ಮತ್ತು ಮುಂಗಾರಿನ ಜೂನ್, ಜುಲೈ ತಿಂಗಳುಗಳಲ್ಲಿ.

ಮುಂಗಾರಿನಲ್ಲಿ ಜಾಡುಗಳೆಲ್ಲ ಕೆಸರಾಗುವುದಿಲ್ಲವೇ?

ಮಲೆನಾಡಿನ ಮುಂಗಾರನ್ನು ಮನಸ್ಸಿನಲ್ಲಿಟ್ಟುಕೊಂಡವರು ಹೀಗೆ ಕೇಳುತ್ತಾರೆ. ನಮ್ಮದು ಬಯಲುಸೀಮೆ. ಪಶ್ಚಿಮ ಘಟ್ಟಗಳಲ್ಲೇ ಮಳೆ ಸುರಿಸಿ ಹಗುರಾದ ಮೋಡಗಳು ಜೂನ್, ಜುಲೈನಲ್ಲಿ ಇಲ್ಲಿಗೆ ತರುವುದು ಹೆಚ್ಚಾಗಿ ಜಡಿಮಳೆಯನ್ನಲ್ಲ, ಗಾಳಿಯನ್ನು ಮತ್ತು ತುಂತುರನ್ನು. ಬಿತ್ತನೆಗಾಗಿ ಕಾಯುವ ರೈತನಿಗೆ ಅದು ಸಂಕಟದ ಕಾಲ. ಆದರೆ ಆ ತುಂತುರು ಧೂಳನ್ನು ಅಡಗಿಸಿ ಜಾಡನ್ನು ಗಟ್ಟಿಯಾಗಿಡುವುದರಿಂದ ಸವಾರಿಗೆ ಅನುಕೂಲ. ಮೈ ಬೆವರುವುದೂ ಕಡಿಮೆ.

ತೊಂದರೆ ಇರುವುದು ಗಾಳಿಯಲ್ಲಿ. ಪಶ್ಚಿಮದಿಂದ ಬೀಸುವ ಆಷಾಢದ ಗಾಳಿ ಎತ್ತರದ ಕೆರೆ ಏರಿಯ ಮೇಲೆ ಸೈಕಲ್ಲನ್ನು ಪಕ್ಕಕ್ಕೆ ತಳ್ಳುವಷ್ಟು ಬಲವಾಗಿರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ಇರುವ ಏರಿಯಲ್ಲಿ ಅಂಥ ದಿನ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ನೀಲಗಿರಿ ತೋಪಿನಲ್ಲಿ ಆ ಗಾಳಿಗೆ ಒಣಕೊಂಬೆಗಳು ಮುರಿದು ಬೀಳುತ್ತವೆ. ಅಲ್ಲಿ ನಿಂತು ವಿಶ್ರಮಿಸಬೇಡಿ.

ಹಿಂಗಾರು ಮಳೆಯ ತಿಂಗಳುಗಳಲ್ಲಿ ಏನು ಮಾಡಬೇಕು?

ನಮ್ಮ ಕಡೆ ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಹಳಬರ ಲೆಕ್ಕದಲ್ಲಿ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಮಧ್ಯಾಹ್ನದವರೆಗೆ ಬಿಸಿಲು ಕಾದು, ಸಂಜೆ ಗುಡುಗು ಸಹಿತ ಒಂದೆರಡು ಗಂಟೆ ಜೋರಾಗಿ ಸುರಿಯುವುದು ಇದರ ಕ್ರಮ. ಹಾಗಾಗಿ ಆ ತಿಂಗಳುಗಳಲ್ಲಿ ಸಂಜೆಯ ಸವಾರಿಯನ್ನು ಬಿಟ್ಟು ಬೆಳಗಿನದನ್ನು ಇಟ್ಟುಕೊಳ್ಳಿ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮಾತ್ರ ಎರಡು ಮೂರು ದಿನ ಬಿಡದೆ ಸುರಿಯುವುದುಂಟು. ಆಗ ಮನೆಯಲ್ಲಿ ಕುಳಿತು ಚೈನ್ ಒರೆಸುವುದೇ ಉತ್ತಮ.

ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳ ಮೂಲ ಈ ಬೆಟ್ಟಗಳ ಸುತ್ತಲೇ ಇದ್ದರೂ, ಹಳ್ಳಗಳು ಒಣಗಿದ್ದೇ ಹೆಚ್ಚು. ಒಣಹಳ್ಳದ ಮರಳಿನಲ್ಲಿ ಸೈಕಲ್ ಓಡಿಸಿ ರೂಢಿಯಾದವರು ಮಳೆಗಾಲದಲ್ಲಿಯೂ ಅದೇ ಧೈರ್ಯದಿಂದ ಇಳಿಯುತ್ತಾರೆ, ಅಪಾಯ ಇರುವುದು ಅಲ್ಲೇ. ಮೇಲೆ ಬೆಟ್ಟದಲ್ಲಿ ಸುರಿದ ಮಳೆಯ ನೀರು, ನೀವು ನಿಂತ ಕಡೆ ಒಂದು ಹನಿಯೂ ಬೀಳದಿದ್ದಾಗಲೂ, ಹಳ್ಳದಲ್ಲಿ ಒಮ್ಮೆಲೇ ಬರಬಹುದು. ನೀರು ಕೆಂಪಾಗಿ, ಕಸಕಡ್ಡಿ ಹೊತ್ತು ಬರುತ್ತಿದ್ದರೆ ಅದು ಏರುತ್ತಿದೆ ಎಂದು ತಿಳಿಯಿರಿ. ಮೊಣಕಾಲಿನವರೆಗಿನ ಹರಿಯುವ ನೀರನ್ನು ಸೈಕಲ್ ಹೊತ್ತುಕೊಂಡೂ ದಾಟಬಾರದು. 2021ರ ನವೆಂಬರಿನ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದು ರಸ್ತೆಗಳೇ ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ.

ಕೆರೆಗಳ ವಿಷಯದಲ್ಲಿ ಇನ್ನೊಂದು ಬದಲಾವಣೆಯನ್ನು ಹೇಳಬೇಕು. ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಇಲ್ಲಿನ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಮೊದಲು ವರ್ಷದ ಎಂಟು ತಿಂಗಳು ಒಣಗಿರುತ್ತಿದ್ದ ಹಲವು ಅಂಗಳಗಳಲ್ಲಿ ಈಗ ಬೇಸಿಗೆಯಲ್ಲೂ ನೀರಿದೆ. ಹಳೆಯ ನಕ್ಷೆಯನ್ನೋ ಹಳೆಯ ಸವಾರಿಯ ನೆನಪನ್ನೋ ನಂಬಿ ಅಲ್ಲಿ ದಾರಿ ಹುಡುಕಬೇಡಿ. ಆ ನೀರಿನಲ್ಲಿ ಮುಖ ತೊಳೆಯುವುದು, ಗಾಯ ತೊಳೆಯುವುದು ಬೇಡ.

ಹಾಸುಬಂಡೆಯ ಮೇಲೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಒಣಗಿದಾಗ ಅದು ಕಪ್ಪು ಕಲೆಯಂತೆ ಕಾಣುತ್ತದೆ, ನೆನೆದಾಗ ಸಾಬೂನಿನಂತಾಗುತ್ತದೆ. ಕಪ್ಪಗಿರುವ ಕಡೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ; ಸಾಧ್ಯವಾದರೆ ಇಳಿದುಬಿಡಿ.

ಮಳೆಯಲ್ಲಿ ಓಡಿಸಿದರೆ ಜಾಡು ಹಾಳಾಗುತ್ತದೆ ಎನ್ನುತ್ತಾರೆ, ಒಂದು ಸೈಕಲ್ಲಿನಿಂದ ಅಷ್ಟು ಆಗುತ್ತದೆಯೇ?

ಆಗುತ್ತದೆ. ಹಸಿ ಕೆಮ್ಮಣ್ಣಿನಲ್ಲಿ ಟೈರು ಒತ್ತಿದ ಗೆರೆ ಒಂದು ಸಣ್ಣ ಕಾಲುವೆ. ಮುಂದಿನ ಮಳೆಯ ನೀರು ಜಾಡಿನ ಅಗಲಕ್ಕೆ ಹರಡದೆ ಆ ಗೆರೆಯಲ್ಲೇ ಇಳಿಯುತ್ತದೆ, ಇಳಿಯುತ್ತ ಮಣ್ಣನ್ನು ಕೊರೆಯುತ್ತದೆ. ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರ ಎಳೆದುಕೊಂಡು ಇಳಿದಿದ್ದರೆ ಗೆರೆ ಇನ್ನೂ ಆಳ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿರುತ್ತದೆ, ಅದರಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುತ್ತದೆ, ಸೊಪ್ಪಿನ ಹೊರೆ ಹೊತ್ತು ಬರುವ ತಾಯಂದಿರು ಎಡವುತ್ತಾರೆ. ನಾವು ವಾರಕ್ಕೊಮ್ಮೆ ಸಂತೋಷಕ್ಕಾಗಿ ಬರುವ ದಾರಿ ಅವರಿಗೆ ದಿನದ ದಾರಿ. ಟೈರಿನ ಅಚ್ಚು ಬೆರಳಿನ ಒಂದು ಗೆಣ್ಣಿಗಿಂತ ಆಳ ಮೂಡುತ್ತಿದ್ದರೆ ಹಿಂತಿರುಗಿ. ನಡುವೆ ಸಣ್ಣ ಗುಂಡಿಯಲ್ಲಿ ನೀರು ನಿಂತಿದ್ದರೆ ಪಕ್ಕದ ಹುಲ್ಲನ್ನು ತುಳಿದು ಜಾಡನ್ನು ಅಗಲ ಮಾಡದೆ, ವೇಗ ತಗ್ಗಿಸಿ ನೀರಿನ ನಡುವೆಯೇ ದಾಟಿ.

ಚಳಿಗಾಲದಲ್ಲಿ ಗಮನಿಸಬೇಕಾದದ್ದೇನು?

ಡಿಸೆಂಬರ್, ಜನವರಿಯ ಬೆಳಗು ಈ ಸವಾರಿಯ ಹಬ್ಬ. ಮಂಜು ಕವಿದಾಗ ಹತ್ತು ಮಾರು ದೂರದ ಹೊಂಗೆ ಮರವೂ ಕಾಣುವುದಿಲ್ಲ, ಆದ್ದರಿಂದ ಹಗಲಾದರೂ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹೊತ್ತಿಸಿಕೊಳ್ಳಿ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6 ಗಂಟೆ 45 ನಿಮಿಷದ ಸುಮಾರಿಗೆ, ಜೂನ್ ಆರಂಭದಲ್ಲಿ 5 ಗಂಟೆ 50 ನಿಮಿಷ ದಾಟುತ್ತಲೇ. ಈ ಒಂದು ಗಂಟೆಯ ವ್ಯತ್ಯಾಸವನ್ನು ಮರೆತು ಬೇಸಿಗೆಯ ಗಡಿಯಾರದಲ್ಲಿ ಹೊರಟವರು ಕತ್ತಲಲ್ಲಿ ಕಲ್ಲಿಗೆ ಗುದ್ದುತ್ತಾರೆ. ರಜೆಯ ದಿನಗಳಲ್ಲಿ ಸೂರ್ಯೋದಯ ನೋಡಲು ನಂದಿ ಬೆಟ್ಟಕ್ಕೆ ಹೋಗುವ ಕಾರು, ಬೈಕುಗಳ ಸಾಲು ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತದೆ. ಜಾಡಿನಿಂದ ರಸ್ತೆಗೆ ಸೇರುವ ಕಡೆ ಪೂರ್ತಿ ನಿಂತು ನೋಡಿ.

ಇದು ಸುಗ್ಗಿಯ ಕಾಲವೂ ಹೌದು. ರಾಗಿ ತೆನೆಯನ್ನು, ಹುರುಳಿ ಬಳ್ಳಿಯನ್ನು ಹಳ್ಳಿಯ ರಸ್ತೆಗಳ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡುವುದು ಈಗಲೂ ಉಂಟು. ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಕೆಳಗೆ ರಾಗಿ ಕಾಳು ಜಾರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು, ಒಣಗಿದ ಹುರುಳಿ ಬಳ್ಳಿ ಹಿಂದಿನ ಹಲ್ಲುಚಕ್ರಗಳ ನಡುವೆ ದಾರದಂತೆ ಸುತ್ತಿಕೊಂಡು, ಒಂದೊಂದೇ ಎಳೆಯನ್ನು ಚಾಕುವಿನ ತುದಿಯಿಂದ ಬಿಡಿಸಬೇಕಾಗುತ್ತದೆ. ಒಮ್ಮೆ ನನಗೆ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂದು ಮನೆಯ ವರ್ಷದ ಅನ್ನ.

ಬೇಸಿಗೆಯಲ್ಲಿ ನಿಲ್ಲಿಸಿಬಿಡಬೇಕೇ?

ನಿಲ್ಲಿಸಬೇಕಿಲ್ಲ, ಆದರೆ ಸಣ್ಣದಾಗಿಸಬೇಕು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬಂಡೆಗಳು ಕಾದು ಸಂಜೆಯವರೆಗೂ ಬಿಸಿ ಬಿಡುತ್ತವೆ. ಬೆಳಕು ಹರಿಯುತ್ತಲೇ ಹೊರಟು ಎಂಟೂವರೆಯೊಳಗೆ ಮನೆ ಸೇರುವ ಸವಾರಿಯೇ ಈ ಕಾಲಕ್ಕೆ ಸರಿ.

ಒಣಗಿದ ಗರಸು ಬೇಸಿಗೆಯ ದೊಡ್ಡ ಸವಾಲು. ಗಟ್ಟಿ ನೆಲದ ಮೇಲೆ ಜೋಳದ ಕಾಳಿನಷ್ಟು ದಪ್ಪದ ಕಲ್ಲುಹರಳು ಹರಡಿಕೊಂಡು, ಇಳಿಜಾರಿನಲ್ಲಿ ಕಾಳು ಚೆಲ್ಲಿದ ಗಾರೆ ನೆಲದ ಮೇಲೆ ನಡೆದಂತಾಗುತ್ತದೆ. ಇಲ್ಲಿ ಬೀಳುವವರಲ್ಲಿ ಹೆಚ್ಚಿನವರು ತಿರುವಿನೊಳಗೆ ಬ್ರೇಕ್ ಹಿಡಿದು ಬೀಳುತ್ತಾರೆ. ತಿರುವಿಗೆ ಮುಂಚೆ, ಸೈಕಲ್ ನೇರವಾಗಿರುವಾಗಲೇ, ಎರಡೂ ಬ್ರೇಕನ್ನು ಒಂದೊಂದೇ ಬೆರಳಿನಿಂದ ಹದವಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಮುಂದಿನ ಬ್ರೇಕೆಂದರೆ ಭಯಪಟ್ಟು ಹಿಂದಿನದನ್ನಷ್ಟೇ ಹಿಡಿಯುವ ಅಭ್ಯಾಸ ಹಲವರಿಗಿದೆ. ನಿಲ್ಲಿಸುವ ಶಕ್ತಿ ಹೆಚ್ಚಾಗಿರುವುದು ಮುಂದಿನದರಲ್ಲೇ, ಅದನ್ನು ತಟ್ಟನೆ ಹಿಡಿಯದೆ ಮೆಲ್ಲಗೆ ಒತ್ತುವುದನ್ನು ಬಯಲಿನಲ್ಲಿ ಕಲಿಯಿರಿ. ಕಡಿದಾದ ಇಳಿತಕ್ಕೆ ಮುಂಚೆ ಸೀಟನ್ನು ತಗ್ಗಿಸಿ, ಎರಡೂ ಪೆಡಲುಗಳನ್ನು ಸಮನಾಗಿ ನಿಲ್ಲಿಸಿ, ಸೀಟಿನಿಂದ ಎದ್ದು, ಹಿಮ್ಮಡಿಯನ್ನು ಕೆಳಕ್ಕೊತ್ತಿ ಸೊಂಟವನ್ನು ಹಿಂದಕ್ಕೆ ತನ್ನಿ.

ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು, ಆಲಿಕಲ್ಲಿನ ಮಳೆ ಬರುವುದುಂಟು. ಗುಡುಗು ಕೇಳಿಸಿದರೆ ಬೋಳು ಬಂಡೆಯಿಂದಲೂ ಬಯಲಿನಿಂದಲೂ ಕೆಳಗಿಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಬೆಟ್ಟದ ಹುಲ್ಲು ಒಣಗಿ ಬೆಂಕಿಗೆ ಕಾದಿರುವ ಕಾಲ ಇದು. ಜಾಡಿನಲ್ಲಿ ಬೀಡಿ, ಸಿಗರೇಟು, ಒಲೆ ಯಾವುದೂ ಕೂಡದು.

ಬೆಟ್ಟದ ಮೇಲಿನ ಕಾಡಿನ ದಾರಿಗಳಲ್ಲಿ ಸೈಕಲ್ ಓಡಿಸಬಹುದೇ?

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೂಡದು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಸ್ಕಂದಗಿರಿಯ ಚಾರಣಕ್ಕೆ ಆನ್‌ಲೈನಿನಲ್ಲಿ ಸಿಗುವ ಅನುಮತಿ ನಡೆದು ಹತ್ತುವವರಿಗಾಗಿ ಇರುವಂಥದ್ದು, ಅದನ್ನು ತೋರಿಸಿ ಸೈಕಲ್ ಏರಿಸಬಹುದೆಂದು ಭಾವಿಸಬೇಡಿ. ಸುಲ್ತಾನಪೇಟೆಯಿಂದ ನಂದಿಗೆ ಹತ್ತುವ ಹಳೆಯ ಮೆಟ್ಟಿಲ ದಾರಿಯೂ ಸೈಕಲ್ಲಿಗೆ ಅಲ್ಲ. ಬುಡದಲ್ಲಿ ಇಷ್ಟೊಂದು ದಾರಿಗಳಿರುವಾಗ ಚಿರತೆಯ ನೆಲೆಗೆ ಹೋಗುವ ಅಗತ್ಯ ನನಗೆಂದೂ ಕಂಡಿಲ್ಲ. ಕಲ್ಲು ಕ್ವಾರಿಗಳ ಹತ್ತಿರವೂ ಹೋಗಬೇಡಿ. ಅಲ್ಲಿ ಬಂಡೆ ಸಿಡಿಸುತ್ತಾರೆ, ಬಿಟ್ಟುಹೋದ ಕ್ವಾರಿಗಳಲ್ಲಿ ಅಂಚಿಗೆ ತಡೆಯಿಲ್ಲದ ಆಳವಾದ ನೀರಿನ ಗುಂಡಿಗಳಿವೆ.

ಹೊಲದ ನಡುವಿನ ದಾರಿಯಲ್ಲಿ ರೈತರು ತಡೆದರೆ?

ಇಳಿಯಿರಿ, ಹೆಲ್ಮೆಟ್ ತೆಗೆಯಿರಿ, ನಮಸ್ಕಾರ ಹೇಳಿ. “ಯಜಮಾನ್ರೇ, ಈ ಕಡೆ ದಾರಿ ಇದೆಯಾ, ಹೋಗಬಹುದಾ?” ಎಂದು ಕೇಳಿದವನಿಗೆ ಇಲ್ಲ ಎಂದವರು ನನ್ನ ಅನುಭವದಲ್ಲಿ ತೀರಾ ಕಡಿಮೆ. ಆಂಧ್ರದ ಗಡಿ ಹತ್ತಿರವಿರುವುದರಿಂದ ಎಷ್ಟೋ ಹಳ್ಳಿಗಳಲ್ಲಿ ಉತ್ತರ ತೆಲುಗಿನಲ್ಲಿ ಬರಬಹುದು, ಕನ್ನಡ ಅವರಿಗೂ ಬರುತ್ತದೆ. ಒಮ್ಮೆ ಬೇಡ ಎಂದರೆ ಅಲ್ಲಿಂದ ಹಿಂತಿರುಗಿ, ವಾದ ಬೇಡ. ಆ ಬದು ಅವರದು.

ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಧೂಳೆಬ್ಬಿಸಿಕೊಂಡು ಹೋಗಬಾರದೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಧೂಳು ಕೂತ ಸೊಪ್ಪು ರೇಷ್ಮೆಹುಳುವಿಗೆ ಒಳ್ಳೆಯದಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕುವ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಹನಿ ನೀರಾವರಿಯ ಪೈಪು ದಾರಿಗೆ ಅಡ್ಡ ಬಂದರೆ ಸೈಕಲ್ ಎತ್ತಿಕೊಂಡು ದಾಟಿ.

ಕುರಿಮಂದೆ ಎದುರಾದರೆ ನಿಂತುಬಿಡಿ, ಮಂದೆಯೇ ನಿಮ್ಮನ್ನು ದಾಟಿ ಹೋಗಲಿ. ನಾಯಿ ಅಟ್ಟಿಸಿಕೊಂಡು ಬಂದರೂ ಇಳಿದು, ಸೈಕಲ್ಲನ್ನು ನಡುವೆ ಹಿಡಿದು, ಮೆಲ್ಲಗೆ ನಡೆಯಿರಿ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು.

ಎಂಥ ಸೈಕಲ್ ಕೊಳ್ಳಬೇಕು?

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಇಲ್ಲಿಗೆ ಧಾರಾಳ ಸಾಕು. ಡಿಸ್ಕ್ ಬ್ರೇಕ್ ಇರಲಿ, ಟೈರು 2.1ರಿಂದ 2.4 ಇಂಚು ಅಗಲವಿರಲಿ, ಚಕ್ರ ನಿಮ್ಮ ಎತ್ತರಕ್ಕೆ ತಕ್ಕಂತೆ 27.5 ಅಥವಾ 29 ಇಂಚಿನದಿರಲಿ. ಕಡಿಮೆ ಬೆಲೆಗೆ ಹಿಂದೆಯೂ ಸ್ಪ್ರಿಂಗ್ ಹಾಕಿದ ಸೈಕಲ್ ಕೊಳ್ಳಬೇಡಿ, ಅದರ ತೂಕವನ್ನು ಏರಿನಲ್ಲಿ ನೀವೇ ಎಳೆಯಬೇಕು. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಕೈಗವಸು ಕೊಳ್ಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು.

ಪದೇ ಪದೇ ಪಂಕ್ಚರ್ ಆಗುತ್ತದೆ, ಏನು ಮಾಡಲಿ?

ಈ ಸೀಮೆಯ ಸವಾರರಿಗೆ ಇದಕ್ಕಿಂತ ದೊಡ್ಡ ದೂರು ಇನ್ನೊಂದಿಲ್ಲ. ಕೆರೆಯ ಅಂಗಳ, ಬೇಲಿ, ಬೀಳು ಭೂಮಿ ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರುತ್ತದೆ, ಟೈರು ಯಾವ ಲೆಕ್ಕ. ಬೇಲಿ ಸವರಿದ ಮರುವಾರ ದಾರಿಯ ತುಂಬ ಅದರ ಕಡ್ಡಿ ಬಿದ್ದಿರುತ್ತದೆ. ಇನ್ನೊಂದು ನೆಗ್ಗಿಲು. ಮಳೆಗಾಲದಲ್ಲಿ ನೆಲಕ್ಕಂಟಿ ಹಳದಿ ಹೂ ಬಿಡುವ ಆ ಬಳ್ಳಿಯ ಕಾಯಿ, ಡಿಸೆಂಬರ್ ಹೊತ್ತಿಗೆ ಒಣಗಿ ಒಡೆದು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನಿಲ್ಲುವಂತೆ ದಾರಿಯಲ್ಲಿ ಕಾಯುತ್ತಿರುತ್ತದೆ.

ಸಾಧ್ಯವಿದ್ದವರು ಟ್ಯೂಬ್‌ಲೆಸ್ ಮಾಡಿಸಿಕೊಂಡು ಸೀಲೆಂಟ್ ದ್ರವ ಹಾಕಿಸುವುದು ಸರಿಯಾದ ಪರಿಹಾರ. ಸಣ್ಣ ತೂತುಗಳನ್ನು ಅದು ಓಡುತ್ತಿರುವಾಗಲೇ ಮುಚ್ಚುತ್ತದೆ. ನಮ್ಮ ಬೇಸಿಗೆಗೆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಟ್ಯೂಬ್ ಉಳಿಸಿಕೊಳ್ಳುವವರು ಎರಡು ಟ್ಯೂಬ್, ಪ್ಯಾಚ್, ಪಂಪ್ ಇಟ್ಟುಕೊಳ್ಳಿ. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಮೈಯ ಮೇಲೆ ಒಂದು ಬಟ್ಟೆಯನ್ನು ನಿಧಾನವಾಗಿ ಎಳೆಯಿರಿ, ಮುರಿದು ಉಳಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದವರು ನೂರು ಮಾರು ಹೋಗುವಷ್ಟರಲ್ಲಿ ಮತ್ತೆ ಕುಳಿತಿರುತ್ತಾರೆ.

ಗಾಳಿಯನ್ನು ಬಂಡೆಯಂತೆ ಗಟ್ಟಿಯಾಗಿ ತುಂಬುವುದು ಪಂಕ್ಚರಿಗೆ ಮದ್ದಲ್ಲ. ಸುಮಾರು 70 ಕಿಲೋ ತೂಕದವರು 2.2 ಇಂಚಿನ ಟೈರಿಗೆ, ಟ್ಯೂಬ್ ಇದ್ದರೆ, ಮುಂದೆ 26ರಿಂದ 28, ಹಿಂದೆ 28ರಿಂದ 32 ಪಿಎಸ್‌ಐ ಹಾಕಿ ನೋಡಬಹುದು. ಟ್ಯೂಬ್‌ಲೆಸ್ ಆದರೆ ನಾಲ್ಕೈದು ಕಡಿಮೆ ಸಾಕು.

ಹೆಜ್ಜೇನು, ಹಾವು, ಚಿರತೆಗಳ ಭಯವಿದೆಯೇ?

ಇವುಗಳಲ್ಲಿ ನಾನು ಹೆಚ್ಚು ಹೆದರುವುದು ಹೆಜ್ಜೇನಿಗೆ. ಬಂಡೆಯ ಚಾಚಿನ ಅಡಿಯಲ್ಲಿ, ದೊಡ್ಡ ಆಲದ ಕೊಂಬೆಯಲ್ಲಿ ಹುಟ್ಟು ಕಟ್ಟುತ್ತವೆ. ದೂರದಿಂದ ಕಪ್ಪು ಅರ್ಧಚಂದ್ರದಂತೆ ತೂಗುವ ಆ ಹುಟ್ಟನ್ನು ಕಂಡರೆ ಸದ್ದಿಲ್ಲದೆ ಬೇರೆ ದಾರಿ ಹಿಡಿಯಿರಿ, ಹತ್ತಿರ ಹೊಗೆ, ಕೂಗಾಟ ಬೇಡ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ನಿಲ್ಲದೆ ದೂರ ಓಡಿ ಮನೆಯೋ ವಾಹನವೋ ಸಿಕ್ಕರೆ ಒಳಗೆ ಸೇರಿ. ನೀರಿಗೆ ಹಾರಿದರೆ ಅವು ಮೇಲೆ ಕಾಯುತ್ತವೆ. ಹೆಚ್ಚು ಕುಟುಕಿದ್ದರೆ, ಉಸಿರು ಕಟ್ಟುವಂತಾದರೆ ಕೂಡಲೇ ಆಸ್ಪತ್ರೆ.

ನಾಗರ, ಕೊಳಕು ಮಂಡಲ, ಕಟ್ಟು ಹಾವು ಮೂರೂ ಇಲ್ಲಿವೆ. ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಮಾಡದೆ, ಕಡಿದ ಕೈಕಾಲನ್ನು ಅಲುಗಾಡದಂತೆ ಇಟ್ಟು, ನಡೆಸದೆ, ಆದಷ್ಟು ಬೇಗ ವಿಷನಿರೋಧಕ ಮದ್ದು ಸಿಗುವ ಆಸ್ಪತ್ರೆಗೆ ಸೇರಿಸಬೇಕು. ಚಿರತೆಗಾಗಿ ಇಷ್ಟೇ: ಬೆಳಕು ಹರಿಯುವ ಮುಂಚೆ, ಮಬ್ಬುಗತ್ತಲಾದ ಮೇಲೆ ಬೆಟ್ಟದ ಅಂಚಿನಲ್ಲಿ ಇರಬೇಡಿ.

ಒಬ್ಬರೇ ಹೋಗಬಹುದೇ?

ಹೊಸಬರು ಬೇಡ. ಬೆಟ್ಟದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳಿವೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ. ಅಪಘಾತವಾದರೆ 108ಕ್ಕೆ ಅಥವಾ 112ಕ್ಕೆ ಕರೆಮಾಡಿ. ಜಾಡಿಗೆ ಹೆಸರಿರುವುದಿಲ್ಲ, ಆದ್ದರಿಂದ ಕೊನೆಯದಾಗಿ ದಾಟಿದ ಹಳ್ಳಿಯ, ಕೆರೆಯ, ದೇವಸ್ಥಾನದ ಹೆಸರನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಮಾಡಿ.

ಎಷ್ಟು ನೀರು, ಏನು ತಿಂಡಿ ಒಯ್ಯಬೇಕು?

ಚಳಿಗಾಲದಲ್ಲಿ ಗಂಟೆಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಮುಕ್ಕಾಲು ಲೀಟರ್ ನೀರು ಎಂದಿಟ್ಟುಕೊಳ್ಳಿ. ಎರಡು ಗಂಟೆ ಮೀರಿದರೆ ಬರೀ ನೀರು ಸಾಲದು, ಒಂದು ಬಾಟಲಿಯಲ್ಲಿ ಓಆರ್‌ಎಸ್ ಅಥವಾ ಉಪ್ಪು ಹಾಕಿದ ನೀರು ಮಜ್ಜಿಗೆ ಇರಲಿ. ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ ಸಾಕು. ಚಿಕ್ಕಿಯ ಹೊದಿಕೆ ಜೇಬಿನಲ್ಲೇ ಮನೆಗೆ ಬರಲಿ.

ಸವಾರಿಯ ನಂತರ ಸೈಕಲ್ಲನ್ನು ಹೇಗೆ ನೋಡಿಕೊಳ್ಳಬೇಕು?

ಕೆಸರನ್ನು ಒಣಗುವ ಮುಂಚೆ ಬಕೆಟ್ ನೀರು, ಬ್ರಷ್‌ನಿಂದ ತೊಳೆಯಿರಿ. ವಾಹನ ತೊಳೆಯುವ ಒತ್ತಡದ ನೀರನ್ನು ಚಕ್ರದ ಹಬ್, ಪೆಡಲಿನ ಬೇರಿಂಗ್‌ಗಳಿಗೆ ಹಿಡಿದರೆ ಒಳಗಿನ ಗ್ರೀಸ್ ಹೋಗುತ್ತದೆ. ಬೇಸಿಗೆಯಲ್ಲಿ ಚೈನಿಗೆ ಎಣ್ಣೆ ಹೆಚ್ಚು ಹಾಕುವುದು ದೊಡ್ಡ ತಪ್ಪು. ಕೆಂಧೂಳು ಎಣ್ಣೆಗೆ ಅಂಟಿ ಸಾಣೆಕಲ್ಲಿನಂತಾಗಿ ಹಲ್ಲುಗಳನ್ನು ಸವೆಸುತ್ತದೆ. ಒಂದೊಂದು ಕೊಂಡಿಗೆ ಒಂದೊಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಿರಿ. ಡಿಸ್ಕಿಗೆ ಎಣ್ಣೆಯ ಕೈ ತಾಗದಿರಲಿ.

ತುಮಕೂರು, ಕೋಲಾರದ ಬೆಟ್ಟಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಮಣ್ಣು, ಮಳೆಯ ಮಟ್ಟಿಗೆ ಬಹುಪಾಲು ಹೌದು. ದೇವರಾಯನದುರ್ಗದ ಕಾಡಿನಲ್ಲಿ ಚಿರತೆಯ ಜೊತೆ ಕರಡಿಯೂ ಇರುವುದರಿಂದ ಅಲ್ಲಿ ಡಾಂಬರು ರಸ್ತೆಯನ್ನೇ ಹಿಡಿಯಿರಿ. ಕೋಲಾರದ ಅಂತರಗಂಗೆ ಗುಂಡುಗಳ ಮೇಲೆ ಗುಂಡು ಪೇರಿಸಿದಂಥ ಬೆಟ್ಟ, ಅದು ನಡೆದು ಹತ್ತುವವರ ಜಾಗ.

ಕೊರಕಲು ಬಿದ್ದ ಜಾಡನ್ನು ನಾವೇ ಸರಿಪಡಿಸಬಹುದೇ?

ಊರಿನವರನ್ನು ಕೇಳಿ, ಅವರೊಂದಿಗೆ ಸೇರಿ ಮಾಡಬಹುದು, ಮಾಡಬೇಕು ಕೂಡ. ಬರಿ ಮಣ್ಣು ತುಂಬಿದರೆ ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ. ಕೊರಕಲಿನ ಮೇಲ್ತುದಿಗೆ ಹೋಗಿ, ನೀರು ಜಾಡಿಗೆ ಎಲ್ಲಿ ಸೇರುತ್ತದೆಯೋ ಅಲ್ಲಿ ಕಲ್ಲುಗಳನ್ನು ಓರೆಯಾಗಿ ಅರ್ಧದಷ್ಟು ಹೂತು, ನೀರನ್ನು ಪಕ್ಕದ ಹುಲ್ಲಿನ ಕಡೆಗೆ ತಿರುಗಿಸಬೇಕು. ಯಾರದೇ ಹೊಲಕ್ಕೆ ನುಗ್ಗದಂತೆ ಎಂಬುದನ್ನು ಮೊದಲು ನೋಡಬೇಕು. ಆಮೇಲೆ ಕೆಳಗಿನ ಗುಂಡಿಗೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಕೊನೆಗೆ ಗರಸು ತುಂಬಿ ತುಳಿಯಬೇಕು. ಕೆರೆ ಏರಿಯನ್ನು ಮಾತ್ರ ಯಾವ ಕಾರಣಕ್ಕೂ ಅಗೆಯಬಾರದು. ಈ ಕೆಲಸಕ್ಕೆ ಮುಂಗಾರಿನ ಎರಡು ಮಳೆ ಬಿದ್ದ ಮೇಲಿನ ವಾರ ಸರಿಯಾದ ಹೊತ್ತು. ಆಗ ನೆಲ ಹಾರೆಗೆ ಹದವಾಗಿರುತ್ತದೆ, ನೀರು ಹರಿದ ಗುರುತೂ ಅಳಿಸಿರುವುದಿಲ್ಲ.